ಕೇಂಬ್ರಿಡ್ಜ್‌ನಲ್ಲಿ ಯಾವ ಕಾಲೇಜು? ಬಾಡಿಗೆ ಮನೆ ಹುಡುಕಿದ ಹಾಗೆ ಹುಡುಕಿ

1913ರಲ್ಲಿ ಕಲ್ಕತ್ತೆಯ ಹುಡುಗನೊಬ್ಬ ಇಂಗ್ಲೆಂಡಿಗೆ ಹೋದ. ಲಂಡನ್ನಿನಲ್ಲಿ ಓದಬೇಕು ಅನ್ನುವುದು ಅವನ ಲೆಕ್ಕಾಚಾರ. ಒಂದು ದಿನ ಕೇಂಬ್ರಿಡ್ಜ್ ನೋಡಿಕೊಂಡು ಬರೋಣ ಎಂದು ಹೊರಟವನಿಗೆ ವಾಪಸು ಬರುವ ಕೊನೆಯ ರೈಲು ತಪ್ಪಿಹೋಯಿತು. ರಾತ್ರಿ ಸ್ನೇಹಿತನ ಜೊತೆ ಉಳಿದ. ಅಷ್ಟು ಹೊತ್ತಿಗೆ ಕಿಂಗ್ಸ್ ಕಾಲೇಜಿನ ಪ್ರಾರ್ಥನಾ ಮಂದಿರ ನೋಡಿ ಮರುಳಾಗಿದ್ದ. ಕೊನೆಗೆ ಲಂಡನ್ ಬಿಟ್ಟು ಕಿಂಗ್ಸ್‌ಗೇ ಸೇರಿಕೊಂಡ. ಆ ಹುಡುಗನೇ ಪಿ.ಸಿ. ಮಹಾಲನೋಬಿಸ್. ನಮ್ಮ ಮೈಸೂರು ರಸ್ತೆಯಲ್ಲಿ ಶಾಖೆ ಇರುವ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದವರು.

ಸಂಖ್ಯಾಶಾಸ್ತ್ರದ ಅಷ್ಟು ದೊಡ್ಡ ತಲೆಯೇ ಕಟ್ಟಡ ನೋಡಿ ಕಾಲೇಜು ಆರಿಸಿತು ಅಂದಮೇಲೆ ನಮ್ಮ ನಿಮ್ಮ ಪಾಡೇನು?

ಹೋದ ವರ್ಷ ನಮ್ಮ ಅಕ್ಕನ ಮಗಳು ಫೋನ್ ಮಾಡಿದಳು. "ಮಾಮ, 31 ಕಾಲೇಜು ಇದೆ. ಯಾವುದು ಬೆಸ್ಟ್ ಹೇಳು, ಅದನ್ನೇ ಹಾಕ್ತೀನಿ." ನಾನು ಅಲ್ಲಿ ಒಂದು ವರ್ಷ ಸ್ನಾತಕೋತ್ತರ ಓದಿದ್ದೇನೆ, ಅಷ್ಟೇ. ಆದರೂ ಅವಳ ಜೊತೆ ಕೂತು ಒಂದು ತಿಂಗಳು ಪಟ್ಟಿ ಮಾಡಿದೆ, ಹೊಡೆದುಹಾಕಿದೆ, ಮತ್ತೆ ಮಾಡಿದೆ. ಅದರಿಂದ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಊರಿನ ಅಳತೆಗೋಲು ಅಲ್ಲಿ ನಡೆಯುವುದಿಲ್ಲ

ನಮ್ಮಲ್ಲಿ "ಯಾವ ಕಾಲೇಜು?" ಅನ್ನುವ ಪ್ರಶ್ನೆಗೆ ತೂಕ ಜಾಸ್ತಿ. ವಿಟಿಯು ಅಡಿಯಲ್ಲಿ ನೂರಾರು ಎಂಜಿನಿಯರಿಂಗ್ ಕಾಲೇಜುಗಳಿವೆ. ಡಿಗ್ರಿ ಎಲ್ಲರಿಗೂ ವಿಟಿಯುದೇ. ಆದರೆ ಮೇಷ್ಟ್ರು, ಲ್ಯಾಬು, ಕ್ಯಾಂಪಸ್ಸಿಗೆ ಬರುವ ಕಂಪನಿ ಎಲ್ಲವೂ ಕಾಲೇಜಿನ ಮೇಲೆ ನಿಂತಿವೆ. ಹಾಗಾಗಿ ನಾವು ಸಿಇಟಿ ಆಪ್ಷನ್ ಎಂಟ್ರಿ ಮಾಡುವಾಗ ಮೇಲಿನಿಂದ ಕೆಳಗೆ ಏಣಿ ಇಳಿದ ಹಾಗೆ ಇಳಿಯುತ್ತೇವೆ. ಅದು ಸರಿಯೇ.

ಅದೇ ಅಭ್ಯಾಸ ಇಟ್ಟುಕೊಂಡು ಕೇಂಬ್ರಿಡ್ಜ್ ಅರ್ಜಿಗೆ ಕೂತರೆ ದಾರಿ ತಪ್ಪುತ್ತದೆ. ಅಲ್ಲಿ ತರಗತಿ, ಲ್ಯಾಬು, ಪರೀಕ್ಷೆ, ಡಿಗ್ರಿ ಎಲ್ಲ ವಿಶ್ವವಿದ್ಯಾಲಯದ್ದು. ಟ್ರಿನಿಟಿಯ ಹುಡುಗ, ಗರ್ಟನ್ನಿನ ಹುಡುಗಿ ಒಂದೇ ಬೆಂಚಿನಲ್ಲಿ ಕೂತು ಒಂದೇ ಪಾಠ ಕೇಳುತ್ತಾರೆ, ಒಂದೇ ಪ್ರಶ್ನೆಪತ್ರಿಕೆ ಬರೆಯುತ್ತಾರೆ. ಹಾಗಾದರೆ ಕಾಲೇಜು ಏನು ಮಾಡುತ್ತದೆ? ಸಂದರ್ಶನ ಮಾಡಿ ಸೇರಿಸಿಕೊಳ್ಳುತ್ತದೆ. ರೂಮು ಕೊಡುತ್ತದೆ. ಊಟ ಹಾಕುತ್ತದೆ. ಕೈಯಲ್ಲಿ ಕಾಸಿಲ್ಲದಾಗ, ಮನಸ್ಸು ಕೆಟ್ಟಾಗ ಕೂರಿಸಿಕೊಂಡು ಮಾತಾಡುತ್ತದೆ. ಮತ್ತೆ ಒಬ್ಬರೋ ಇಬ್ಬರೋ ಮೂವರೋ ಇರುವ ಸಣ್ಣ ಗುಂಪಿಗೆ ಪಾಠ ಏರ್ಪಾಡು ಮಾಡುತ್ತದೆ. ಅದಕ್ಕೆ ಅಲ್ಲಿ ಸೂಪರ್‌ವಿಷನ್ ಅನ್ನುತ್ತಾರೆ.

ಅಕ್ಕನಿಗೆ ಇದನ್ನು ವಿವರಿಸುವಾಗ ನನಗೆ ನೆನಪಾದದ್ದು ನಮ್ಮ ಮಠಗಳು. ಒಂದೊಂದು ಕಾಲೇಜಿಗೂ ಸ್ವಂತ ಜಮೀನು, ಸ್ವಂತ ಖಜಾನೆ, ಸ್ವಂತ ಅಡುಗೆಮನೆ, ಬಹಳಷ್ಟಕ್ಕೆ ಸ್ವಂತ ಪ್ರಾರ್ಥನಾ ಮಂದಿರ. ಹಳೆಯವು ಹಲವು ರಾಜನೋ ರಾಣಿಯೋ ಬಿಷಪ್ಪನೋ ದತ್ತಿ ಬಿಟ್ಟವು. ಎಲ್ಲರೂ ಸಾಲಾಗಿ ಕೂತು ಪಂಕ್ತಿ ಊಟ, ಊಟಕ್ಕೆ ಮುಂಚೆ ಲ್ಯಾಟಿನ್ನಿನಲ್ಲಿ ಎರಡು ಮಾತು. ಹಳೆಯದು ಪೀಟರ್‌ಹೌಸ್, 1284ರದ್ದು. ಕೊನೆಯದು ರಾಬಿನ್ಸನ್, 1977ರದ್ದು. ಹಾಸ್ಟೆಲ್, ಮಠ, ಮನೆಪಾಠ ಮೂರೂ ಸೇರಿದ ಒಂದು ಜಾಗ ಅಂದುಕೊಳ್ಳಿ. ಅದನ್ನು ರ‍್ಯಾಂಕ್ ನೋಡಿ ಆರಿಸುವುದಕ್ಕಿಂತ ಬಾಡಿಗೆ ಮನೆ ನೋಡಿದ ಹಾಗೆ ನೋಡಬೇಕು. ಆಫೀಸು ಎಷ್ಟು ದೂರ, ನೀರು ಬರುತ್ತಾ, ಓನರ್ ಹೇಗೆ?

ಮೊದಲು ಲೆಕ್ಕ, ಆಮೇಲೆ ಇಷ್ಟ

31ರಿಂದಲೇ ಗಾಬರಿಯಾಗಬೇಡಿ. ಡಾರ್ವಿನ್ ಮತ್ತು ಕ್ಲೇರ್ ಹಾಲ್ ಸ್ನಾತಕೋತ್ತರದವರಿಗೆ ಮಾತ್ರ. ಪದವಿಗೆ ಹೋಗುವವರಿಗೆ 29 ಉಳಿಯಿತು. ಅದರಲ್ಲಿ ಹ್ಯೂಸ್ ಹಾಲ್, ಸೇಂಟ್ ಎಡ್ಮಂಡ್ಸ್, ವುಲ್ಫ್‌ಸನ್ ಮೂರೂ 21 ವರ್ಷ ತುಂಬಿದವರಿಗೆ. ಪಿಯುಸಿ ಮುಗಿಸಿ ಹೋಗುವವರಿಗೆ 26 ಉಳಿಯಿತು. ನ್ಯೂನಮ್ ಮತ್ತು ಮರ್ರೆ ಎಡ್ವರ್ಡ್ಸ್ ಹೆಣ್ಣುಮಕ್ಕಳಿಗೆ. ಹಾಗಾಗಿ ಹುಡುಗರಿಗೆ 24.

ಇನ್ನು ವಿಷಯ. ಗಣಿತ, ಎಂಜಿನಿಯರಿಂಗ್, ನ್ಯಾಚುರಲ್ ಸೈನ್ಸಸ್‌ನಂಥ ದೊಡ್ಡ ಕೋರ್ಸು ಬಹುತೇಕ ಎಲ್ಲ ಕಡೆ ಸಿಗುತ್ತವೆ. ಪಶುವೈದ್ಯ, ಶಿಕ್ಷಣಶಾಸ್ತ್ರ, ಲ್ಯಾಂಡ್ ಎಕನಾಮಿ ಎಲ್ಲ ಕಾಲೇಜಿನಲ್ಲೂ ಇಲ್ಲ. ವಿಶ್ವವಿದ್ಯಾಲಯದ ಕೋರ್ಸ್ ಪುಟದಲ್ಲಿ ಯಾವ ಕಾಲೇಜು ಸೇರಿಸಿಕೊಳ್ಳುತ್ತದೆ ಅಂತ ಪಟ್ಟಿ ಇರುತ್ತದೆ. ಐದು ನಿಮಿಷದ ಕೆಲಸ. ಆದರೆ ಜನ ಇದನ್ನೇ ಕೊನೆಗೆ ನೋಡುತ್ತಾರೆ. ಮೂರು ವಾರ ಒಂದು ಕಾಲೇಜಿನ ಮೇಲೆ ಮನಸ್ಸಿಟ್ಟು, ಆಮೇಲೆ ಅಲ್ಲಿ ತಮ್ಮ ವಿಷಯವೇ ಇಲ್ಲ ಅಂತ ಗೊತ್ತಾಗುವುದು ಬಹಳ ಬೇಜಾರಿನ ಸಂಗತಿ.

ಪಾಠದ ಗುಣಮಟ್ಟದಲ್ಲಿ ಕಾಲೇಜಿಂದ ಕಾಲೇಜಿಗೆ ವ್ಯತ್ಯಾಸ ಇಲ್ಲವೇ? ಸ್ವಲ್ಪ ಇದೆ. ಪ್ರತಿ ವಿಷಯಕ್ಕೂ ಕಾಲೇಜಿನಲ್ಲಿ ಒಬ್ಬ ಡೈರೆಕ್ಟರ್ ಆಫ್ ಸ್ಟಡೀಸ್ ಇರುತ್ತಾರೆ. ನಿಮ್ಮ ಓದಿನ ಉಸ್ತುವಾರಿ ಅವರದು. ಒಳ್ಳೆಯವರು ಸಿಕ್ಕರೆ ಅದೃಷ್ಟ. ಆದರೆ ಅವರನ್ನು ನಂಬಿಕೊಂಡು ಕಾಲೇಜು ಆರಿಸಬೇಡಿ. ನೀವು ಹೋಗುವ ಹೊತ್ತಿಗೆ ಅವರು ರಜೆ ಹಾಕಿ ಸಂಶೋಧನೆಗೆ ಹೋಗಿರಬಹುದು. ಮೇಲಿನ ತರಗತಿಗೆ ಹೋದ ಹಾಗೆ ಸೂಪರ್‌ವಿಷನ್‌ಗೆ ಬೇರೆ ಕಾಲೇಜಿನವರ ಬಳಿ ಹೋಗುವುದೂ ಮಾಮೂಲು.

ಅಡುಗೆಮನೆ: ಇದನ್ನು ಯಾರೂ ಮೊದಲು ಕೇಳುವುದಿಲ್ಲ

ನನ್ನನ್ನು ಕೇಳಿದರೆ ಮೊದಲ ಪ್ರಶ್ನೆಯೇ ಇದು. ನಗಬೇಡಿ.

ರಾಮಾನುಜನ್ 1914ರ ಏಪ್ರಿಲ್‌ನಲ್ಲಿ ಕೇಂಬ್ರಿಡ್ಜ್‌ಗೆ ಬಂದು ಟ್ರಿನಿಟಿಯಲ್ಲಿದ್ದರು. ಕಟ್ಟಾ ಸಸ್ಯಾಹಾರಿ. ಕಾಲೇಜಿನ ಅಡುಗೆಮನೆಯನ್ನು ನಂಬದೆ ತಮ್ಮ ರೂಮಿನಲ್ಲೇ ಬೇಯಿಸಿಕೊಳ್ಳುತ್ತಿದ್ದರು. ಅದೇ ವರ್ಷ ಯುದ್ಧ ಶುರುವಾಗಿ ಸಾಮಾನು ಸಿಗುವುದೂ ಕಷ್ಟವಾಯಿತು. ಮಹಾಲನೋಬಿಸ್ ಒಮ್ಮೆ ಅವರ ರೂಮಿಗೆ ಹೋದಾಗ ರಾತ್ರಿ ಚಳಿ ತಡೆಯಲಾಗುತ್ತಿಲ್ಲ ಅಂದರಂತೆ. ನೋಡಿದರೆ ಹಾಸಿಗೆಯ ಕೆಳಗೆ ಮಡಚಿ ಸಿಕ್ಕಿಸಿದ್ದ ಕಂಬಳಿ ಹಾಗೇ ಇದೆ. ರಾಮಾನುಜನ್ ಅದರ ಮೇಲೆ ಮಲಗುತ್ತಿದ್ದರು. ಕಂಬಳಿ ಬಿಡಿಸಿ ಒಳಗೆ ಹೇಗೆ ತೂರಿಕೊಳ್ಳಬೇಕು ಅಂತ ಮಹಾಲನೋಬಿಸ್ ತೋರಿಸಿಕೊಟ್ಟರು. ಟ್ರಿನಿಟಿ ರಾಮಾನುಜನ್ನರಿಗೆ ಗಣಿತಜ್ಞ ಹಾರ್ಡಿಯವರನ್ನು ಕೊಟ್ಟಿತು, 1918ರಲ್ಲಿ ಫೆಲೋಷಿಪ್ಪೂ ಕೊಟ್ಟಿತು. ಬಿಸಿ ಅನ್ನ ಸಾರು ಕೊಡಲಿಲ್ಲ.

ಈಗ ಕಾಲ ಬದಲಾಗಿದೆ. ಎಲ್ಲ ಕಾಲೇಜಿನಲ್ಲೂ ಸಸ್ಯಾಹಾರ ಸಿಗುತ್ತದೆ. ಅವರ ವೆಜಿಟೇರಿಯನ್‌ನಲ್ಲಿ ಮೊಟ್ಟೆ ಸೇರಿರುತ್ತದೆ ಅನ್ನುವುದು ಮಾತ್ರ ನೆನಪಿರಲಿ. ಮೊಟ್ಟೆ ತಿನ್ನದವರು ಮೊದಲೇ ಕೇಳಬೇಕು. ದಿನಾ ಎರಡು ಹೊತ್ತು ಬೇಯಿಸಿದ ಆಲೂಗಡ್ಡೆ, ಚೀಸು ತಿಂದು ಎಂಟು ವಾರ ಕಳೆಯುವುದು ಬೇರೆ ಮಾತು. ಮೂರನೇ ವಾರಕ್ಕೆ ಹುಳಿ ಖಾರಕ್ಕೆ ಬಾಯಿ ಒದ್ದಾಡುತ್ತದೆ. ಆಗ ಅಡುಗೆಮನೆ ಬೇಕು.

ಹಳೆಯ ಕಾಲೇಜುಗಳಲ್ಲಿ ಪದವಿ ವಿದ್ಯಾರ್ಥಿಗಳಿಗೆ ಸಿಗುವುದು ಜಿಪ್ ರೂಮ್ ಅನ್ನುವ ಒಂದು ಸಣ್ಣ ಗೂಡು. ಒಂದು ಸಿಂಕು, ಒಂದು ಫ್ರಿಜ್ಜು, ಒಂದು ಮೈಕ್ರೋವೇವು. ಅದೃಷ್ಟ ಇದ್ದರೆ ಎರಡು ಬರ್ನರ್ ಇರುವ ವಿದ್ಯುತ್ ಒಲೆ. ಎಂಟು ಹತ್ತು ಜನಕ್ಕೆ ಅದೊಂದೇ ಆಗುವುದೂ ಉಂಟು. ಸ್ನಾತಕೋತ್ತರದವರಿಗೆ, ಹೊಸ ಕಟ್ಟಡಗಳಲ್ಲಿ ಇರುವವರಿಗೆ ಸಾಮಾನ್ಯವಾಗಿ ಸರಿಯಾದ ಅಡುಗೆಮನೆಯೇ ಸಿಗುತ್ತದೆ. ನಾನಿದ್ದ ಕಡೆ ಒಲೆ ಇತ್ತು, ಹೊಗೆ ಹೋಗಲು ಜಾಗ ಇರಲಿಲ್ಲ. ಮೊದಲ ಭಾನುವಾರ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದೆ. ಅಲಾರಂ ಹೊಡೆದು ಇಡೀ ಕಟ್ಟಡ ಚಳಿಯಲ್ಲಿ ಅಂಗಳಕ್ಕೆ ಇಳಿಯಿತು. ನೈಟಿಯಲ್ಲಿ, ಟವೆಲ್ಲಿನಲ್ಲಿ ನಿಂತ ಮೂವತ್ತು ಜನ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಒಗ್ಗರಣೆಗೆ ಮೆಣಸಿನಕಾಯಿ ಹಾಕುವುದೇ ಬಿಟ್ಟೆ.

ಇನ್ನೊಂದು ಸೂಕ್ಷ್ಮ ಇದೆ. ಹಲವು ಕಾಲೇಜುಗಳಲ್ಲಿ ಕಿಚನ್ ಫಿಕ್ಸೆಡ್ ಚಾರ್ಜ್ ಅಂತ ಟರ್ಮಿಗಿಷ್ಟು ಕಟ್ಟಬೇಕು. ನೀವು ಕಾಲೇಜಿನ ಊಟದ ಹಾಲ್‌ನಲ್ಲಿ ಉಂಡರೂ ಅಷ್ಟೇ, ಉಪವಾಸ ಇದ್ದರೂ ಅಷ್ಟೇ. ಮನೆ ಅಡುಗೆ ಮಾಡಿಕೊಂಡು ಉಳಿಸುತ್ತೇನೆ ಅನ್ನುವವರು ಈ ಹಣ ಇದೆಯೇ, ಎಷ್ಟು ಅಂತ ಕೇಳಿಕೊಳ್ಳಿ. ಬೇಳೆ, ಕರಿಬೇವು, ಸಾಂಬಾರ್ ಪುಡಿಗೆ ಹೋಗುವ ಜಾಗ ಮಿಲ್ ರೋಡ್. ಹ್ಯೂಸ್ ಹಾಲ್ ಅದರ ಪಕ್ಕದಲ್ಲೇ ಇದೆ. ಅದೇ ಕಾಲೇಜಿಗೆ ಅಂಟಿಕೊಂಡ ಹಾಗೆ ಫೆನ್ನರ್ಸ್ ಕ್ರಿಕೆಟ್ ಮೈದಾನ. ವಿಶ್ವವಿದ್ಯಾಲಯದ ತಂಡದಲ್ಲಿ ರಣಜಿತ್‌ಸಿಂಹಜಿ ಆಡಿದ ಮೈದಾನ ಅದು. ಬೇಳೆಯೂ ಕ್ರಿಕೆಟ್ಟೂ ಒಂದೇ ಬೀದಿಯಲ್ಲಿ ಸಿಕ್ಕರೆ ಇನ್ನೇನು ಬೇಕು ಅಂತ ನನಗನ್ನಿಸಿದ್ದುಂಟು. ಆದರೆ ಅಕ್ಕನ ಮಗಳಿಗೆ 18. ಆ ಕಾಲೇಜಿಗೆ ಹಾಕುವಂತಿಲ್ಲ.

ದೂರ

ಕೇಂಬ್ರಿಡ್ಜ್ ಸಣ್ಣ ಊರು, ಸಪಾಟು ಊರು. ಎಲ್ಲರೂ ಸೈಕಲ್ ತುಳಿಯುತ್ತಾರೆ. ದೂರ ಅಂದರೆ ಸಿಲ್ಕ್ ಬೋರ್ಡಿನ ದೂರ ಅಲ್ಲ. ಆದರೂ ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮುಂಚೆಯೇ ಕತ್ತಲಾಗುತ್ತದೆ. ಮಳೆ ಹನಿಯುತ್ತಿರುತ್ತದೆ, ಎದುರುಗಾಳಿ ಬೇರೆ. ಆಗ ಎರಡು ಮೈಲಿಯೂ ಎರಡು ಮೈಲಿಯೇ.

ಟ್ರಿನಿಟಿ, ಕಿಂಗ್ಸ್, ಸೇಂಟ್ ಜಾನ್ಸ್, ಕ್ಲೇರ್ ಇವೆಲ್ಲ ಊರ ನಡುವೆ, ನದಿ ದಂಡೆಯಲ್ಲಿ ಇರುವವು. ಕಿಟಕಿ ತೆಗೆದರೆ ಚಂದ. ಬಾಗಿಲು ತೆಗೆದರೆ ಪ್ರವಾಸಿಗರು. ಊರಿನ ಉತ್ತರಕ್ಕೆ ಸ್ವಲ್ಪ ಏರು ಇದೆ. ಅಲ್ಲಿ ಫಿಟ್ಸ್‌ವಿಲಿಯಮ್, ಮರ್ರೆ ಎಡ್ವರ್ಡ್ಸ್, ಚರ್ಚಿಲ್ ಇತ್ಯಾದಿ ಇವೆ. ಅಲ್ಲಿನವರು ಅದನ್ನು ಬೆಟ್ಟ ಅಂತಲೇ ಕರೆಯುತ್ತಾರೆ. ಚಾಮುಂಡಿ ಬೆಟ್ಟ ಹತ್ತಿದವರಿಗೆ ನಗು ಬರುತ್ತದೆ. ಹೋಮರ್ಟನ್ ದಕ್ಷಿಣದಲ್ಲಿ, ರೈಲ್ವೆ ಸ್ಟೇಷನ್ನಿಗೆ ಮತ್ತು ಆಡೆನ್‌ಬ್ರೂಕ್ಸ್ ಆಸ್ಪತ್ರೆಗೆ ಹತ್ತಿರ. ಗರ್ಟನ್ ಎಲ್ಲಕ್ಕಿಂತ ದೂರ, ಊರಿಂದ ಸುಮಾರು 4 ಕಿಲೋಮೀಟರ್.

ಈ ಗರ್ಟನ್ ಬಗ್ಗೆ ಎರಡು ಮಾತು ಹೇಳಲೇಬೇಕು. 1869ರಲ್ಲಿ ಹೆಣ್ಣುಮಕ್ಕಳಿಗಾಗಿ ಶುರುವಾದ ಕಾಲೇಜು. ಕೇಂಬ್ರಿಡ್ಜ್ ಹೆಂಗಸರಿಗೆ ಪೂರ್ತಿ ಡಿಗ್ರಿ ಕೊಟ್ಟದ್ದು 1948ರಲ್ಲಿ. ಅಂದರೆ ಸುಮಾರು ಎಂಬತ್ತು ವರ್ಷ ಹುಡುಗಿಯರು ಓದಿ, ಪರೀಕ್ಷೆ ಬರೆದು, ಡಿಗ್ರಿಯಿಲ್ಲದೆ ಮನೆಗೆ ಹೋದರು. ಈಗ ಗರ್ಟನ್ ಎಲ್ಲರಿಗೂ ತೆರೆದಿದೆ. ದೂರ ಅಂತ ಬಹಳ ಜನ ಮುಟ್ಟುವುದಿಲ್ಲ. ಆದರೆ ವಿಶಾಲ ತೋಟ, ಒಳಾಂಗಣ ಈಜುಕೊಳ, ಶಾಂತಿ ಎಲ್ಲ ಇದೆ. ಹಳ್ಳಿಯಿಂದ ಬಂದವರಿಗೆ, ಗದ್ದಲ ಆಗದವರಿಗೆ ನಾನು ಧೈರ್ಯವಾಗಿ ಹೇಳುತ್ತೇನೆ.

ದೂರ ಅಳೆಯುವಾಗ ಊರ ನಡುವಿನಿಂದ ಅಳೆಯಬೇಡಿ, ನಿಮ್ಮ ಪಾಠ ನಡೆಯುವ ಜಾಗದಿಂದ ಅಳೆಯಿರಿ. ಕಂಪ್ಯೂಟರ್ ಸೈನ್ಸ್ ಕಟ್ಟಡ ಪಶ್ಚಿಮಕ್ಕಿದೆ. ಅಲ್ಲಿಗೆ ಚರ್ಚಿಲ್ ಹತ್ತಿರ, ಪೀಟರ್‌ಹೌಸ್ ದೂರ. ಎಂಜಿನಿಯರಿಂಗ್‌ಗೆ ಪೀಟರ್‌ಹೌಸ್ ಹತ್ತಿರ. ಸಾಹಿತ್ಯ, ಕಾನೂನು, ಇತಿಹಾಸದವರ ಸಿಜ್‌ವಿಕ್ ಸೈಟ್ ಪಕ್ಕದಲ್ಲೇ ನ್ಯೂನಮ್, ಸೆಲ್ವಿನ್ ಇವೆ. ವಿಭಾಗದ ಕಟ್ಟಡ ಒಂದು ಕಡೆ ಇದ್ದು, ಮೊದಲ ವರ್ಷದ ಪಾಠ ಇನ್ನೊಂದು ಕಡೆ ನಡೆಯುವುದೂ ಉಂಟು. ಅದನ್ನೂ ಕೇಳಿಕೊಳ್ಳಿ.

ದುಡ್ಡು ಮತ್ತು ರಜೆ

ಭಾರತದಿಂದ ಪದವಿಗೆ ಹೋಗುವವರು ಟ್ಯೂಷನ್ ಫೀಸಿನ ಮೇಲೆ ಕಾಲೇಜ್ ಫೀಸು ಬೇರೆ ಕಟ್ಟಬೇಕು. ಅದು ವರ್ಷಕ್ಕೆ 10 ಸಾವಿರ ಪೌಂಡಿನ ಆಸುಪಾಸಿನಲ್ಲಿ ಇರುತ್ತದೆ. ಎಲ್ಲ ಕಾಲೇಜಿನಲ್ಲೂ ಒಂದೇ ಅಲ್ಲ. ಮೂರು ವರ್ಷಕ್ಕೆ ಲೆಕ್ಕ ಹಾಕಿದರೆ ಆ ವ್ಯತ್ಯಾಸವೇ ಹಲವು ಲಕ್ಷ ರೂಪಾಯಿ ಆಗಬಹುದು. ಸ್ನಾತಕೋತ್ತರದವರಿಗೆ ಇದು ಒಟ್ಟು ಫೀಸಿನಲ್ಲೇ ಸೇರಿರುತ್ತದೆ. ಅವರು ತಲೆ ಕೆಡಿಸಿಕೊಳ್ಳಬೇಕಿಲ್ಲ.

ರಜೆಯದು ಇನ್ನೊಂದು ಕಥೆ. ಅಲ್ಲಿ ವರ್ಷಕ್ಕೆ ಎಂಟೆಂಟು ವಾರದ ಮೂರು ಟರ್ಮು: ಮಿಕಲ್‌ಮಸ್, ಲೆಂಟ್, ಈಸ್ಟರ್. ಟರ್ಮು ಮುಗಿದ ಕೂಡಲೇ ಕೆಲವು ಕಾಲೇಜು ಪದವಿ ವಿದ್ಯಾರ್ಥಿಗಳ ರೂಮು ಖಾಲಿ ಮಾಡಿಸುತ್ತವೆ. ಆ ರೂಮು ಸಮ್ಮೇಳನಕ್ಕೆ ಬಂದವರಿಗೆ ಹೋಗುತ್ತದೆ. ಇಂಗ್ಲೆಂಡಿನ ಮಕ್ಕಳನ್ನು ಅಪ್ಪ ಕಾರಿನಲ್ಲಿ ಬಂದು ಕರೆದುಕೊಂಡು ಹೋಗುತ್ತಾನೆ. ದಾವಣಗೆರೆಯ ಹುಡುಗ ಪ್ರೆಶರ್ ಕುಕ್ಕರ್ ಹಿಡಿದುಕೊಂಡು ಎಲ್ಲಿಗೆ ಹೋಗಬೇಕು? ಇನ್ನು ಕೆಲವು ಕಾಲೇಜು ವರ್ಷಪೂರ್ತಿ ಒಂದೇ ರೂಮಿನಲ್ಲಿ ಇರಲು ಬಿಡುತ್ತವೆ, ಅಥವಾ ಸಾಮಾನು ಇಡಲು ಜಾಗವಾದರೂ ಕೊಡುತ್ತವೆ. "ಕ್ರಿಸ್‌ಮಸ್ ರಜೆಯಲ್ಲಿ ವಿದೇಶಿ ವಿದ್ಯಾರ್ಥಿ ಉಳಿಯಬಹುದೇ, ವಾರಕ್ಕೆ ಎಷ್ಟು?" ಅಂತ ಅಡ್ಮಿಷನ್ಸ್ ಆಫೀಸಿಗೆ ಒಂದು ಮೇಲ್ ಹಾಕಿ. ಅಕ್ಕನ ಮಗಳು ಆರು ಕಾಲೇಜಿಗೆ ಹಾಕಿದಳು. ಐದು ಕಡೆಯಿಂದ ಎರಡು ದಿನದಲ್ಲಿ ವಿವರವಾದ ಉತ್ತರ ಬಂತು. ಉತ್ತರ ಬರೆದ ರೀತಿಯಲ್ಲೇ ಓನರ್ ಹೇಗೆ ಅಂತ ಗೊತ್ತಾಗುತ್ತದೆ.

ಹಳೆಯದೋ ಹೊಸದೋ ಅನ್ನುವುದು ರುಚಿಯ ಪ್ರಶ್ನೆ. ಹಳೆಯದರಲ್ಲಿ ಗಾಂಭೀರ್ಯ, ಕಿರಿದಾದ ಮೆಟ್ಟಿಲು, ಹಂಚಿಕೊಳ್ಳುವ ಬಚ್ಚಲು. ರಾಬಿನ್ಸನ್ನಿನಂಥ ಹೊಸದರಲ್ಲಿ ಕೆಂಪು ಇಟ್ಟಿಗೆ, ರೂಮಿಗೇ ಅಂಟಿದ ಬಚ್ಚಲು. ಬಕೆಟ್ಟು, ಚೊಂಬು ಎಲ್ಲೂ ಇರುವುದಿಲ್ಲ. ಗಾತ್ರವೂ ಹಾಗೇ. ಟ್ರಿನಿಟಿ, ಸೇಂಟ್ ಜಾನ್ಸ್, ಹೋಮರ್ಟನ್ ದೊಡ್ಡವು. ಪೀಟರ್‌ಹೌಸ್, ಕಾರ್ಪಸ್ ಕ್ರಿಸ್ಟಿ ಸಣ್ಣವು. ಸಣ್ಣದರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಅದು ಒಳ್ಳೆಯದೂ ಹೌದು, ಕಷ್ಟವೂ ಹೌದು. 1960ರಲ್ಲಿ ಶುರುವಾದ ಚರ್ಚಿಲ್ ಕಾಲೇಜು ವಿಜ್ಞಾನ, ತಂತ್ರಜ್ಞಾನದವರಿಗೆ ಜಾಸ್ತಿ ಜಾಗ ಇಟ್ಟಿದೆ. ಅಲ್ಲಿ ಊಟದ ಮೇಜಿನಲ್ಲೂ ಅದೇ ಮಾತು ಇರಬಹುದು.

ಹೆಣ್ಣುಮಕ್ಕಳ ಕಾಲೇಜು ಅಂದರೆ

ಅಕ್ಕನ ಮೊದಲ ಮಾತು: "ಲೇಡೀಸ್ ಕಾಲೇಜಿಗೇ ಹಾಕಿಸು, ಸೇಫ್ ಆಗಿರುತ್ತೆ." ನಮ್ಮ ಮನೆಗಳಲ್ಲಿ ಇದು ಸಹಜ. ಆದರೆ ಅವಳ ತಲೆಯಲ್ಲಿ ಇದ್ದದ್ದು ಸಂಜೆ ಏಳಕ್ಕೆ ಗೇಟು ಹಾಕುವ ವಾರ್ಡನ್ನಿನ ಹಾಸ್ಟೆಲ್. ನ್ಯೂನಮ್ ಹಾಗಿಲ್ಲ, ಮರ್ರೆ ಎಡ್ವರ್ಡ್ಸೂ ಹಾಗಿಲ್ಲ. ಯಾವಾಗ ಬೇಕಾದರೂ ಹೋಗಬಹುದು, ಬರಬಹುದು. ಸ್ನೇಹಿತರು ಬರಬಹುದು, ಹುಡುಗರೂ ಬರಬಹುದು. ಪಾಠ ಎಲ್ಲರ ಜೊತೆಯೇ. ಕಾಯುವ ಕಾಲೇಜು ಬೇಕು ಅಂತ ಅಲ್ಲಿಗೆ ಕಳಿಸಿದರೆ ಅಪ್ಪ ಅಮ್ಮನಿಗೆ ನಿರಾಸೆ ಖಂಡಿತ.

ಆರಿಸುವುದಕ್ಕೆ ಬೇರೆ ಕಾರಣಗಳಿವೆ. 1871ರ ನ್ಯೂನಮ್ಮಿನ ತೋಟ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಬೇರೆ ಎಷ್ಟೋ ಕಾಲೇಜಿನಲ್ಲಿ ಹುಲ್ಲುಹಾಸಿನ ಮೇಲೆ ಮೇಷ್ಟ್ರುಗಳು ಮಾತ್ರ ನಡೆಯಬಹುದು. ಇಲ್ಲಿ ವಿದ್ಯಾರ್ಥಿನಿಯರೂ ನಡೆಯುತ್ತಾರೆ. ಮಾತಾಡಲು ಹಿಂಜರಿಯುವ ಹುಡುಗಿಗೆ, ಹೆಂಗಸರೇ ಮುಂದೆ ನಿಂತು ನಡೆಸುವ ಜಾಗದಲ್ಲಿ ಮೂರು ವರ್ಷ ಇರುವುದು ಬೇರೆಯದೇ ಧೈರ್ಯ ಕೊಡುತ್ತದೆ.

ಪಟ್ಟಿ, ಪೂಲು, ಮತ್ತು ಸುಲಭದ ಕಾಲೇಜು ಅನ್ನುವ ಭ್ರಮೆ

ಪರೀಕ್ಷೆಯ ಫಲಿತಾಂಶ ನೋಡಿ ಕಾಲೇಜುಗಳಿಗೆ ಸ್ಥಾನ ಕೊಡುವ ಟಾಂಪ್‌ಕಿನ್ಸ್ ಟೇಬಲ್ ಅಂತ ಒಂದಿದೆ. ಟ್ರಿನಿಟಿ ಅದರಲ್ಲಿ ಬಹಳ ಸಲ ಮೊದಲು ಬಂದಿದೆ. ಟ್ರಿನಿಟಿಗೆ ಗಣಿತದವರ ದಂಡೇ ಅರ್ಜಿ ಹಾಕುತ್ತದೆ, ಗಣಿತದಲ್ಲಿ ಫಸ್ಟ್ ಕ್ಲಾಸ್ ಬರುವ ಪ್ರಮಾಣ ಜಾಸ್ತಿ ಇರುತ್ತದೆ. ಪಟ್ಟಿ ಹೇಳುವುದು ಒಳಗೆ ಬಂದವರ ಬಗ್ಗೆ. ಕಾಲೇಜು ಅವರಿಗೆ ಏನು ಮಾಡಿತು ಅಂತ ಅದು ಹೇಳುವುದಿಲ್ಲ.

ಇನ್ನು "ಯಾರೂ ಹಾಕದ ಕಾಲೇಜಿಗೆ ಹಾಕಿದರೆ ಸುಲಭವಾಗಿ ಸಿಗುತ್ತೆ" ಅನ್ನುವ ಮಾತು. ಬೆಂಗಳೂರಿನಲ್ಲಿ ದುಡ್ಡು ತೆಗೆದುಕೊಂಡು ಇದೇ ಸಲಹೆ ಕೊಡುವವರಿದ್ದಾರೆ. ಒಂದು ಕಾಲೇಜಿಗೆ ತುಂಬಾ ಒಳ್ಳೆಯವರು ಬಂದು ಜಾಗ ಸಾಲದಿದ್ದರೆ, ಆ ಅರ್ಜಿಗಳನ್ನು ಜನವರಿಯಲ್ಲಿ ವಿಂಟರ್ ಪೂಲ್ ಅನ್ನುವ ಒಂದು ಕೊಳಕ್ಕೆ ಬಿಡುತ್ತಾರೆ. ಜಾಗ ಇರುವ ಕಾಲೇಜುಗಳು ಅಲ್ಲಿಂದ ಎತ್ತಿಕೊಳ್ಳುತ್ತವೆ. ಹಾಗಾಗಿ ಕಡಿಮೆ ಅರ್ಜಿ ಬಂದ ಕಾಲೇಜಿನವರು ಸಾಧಾರಣದವರನ್ನು ಸೇರಿಸಿಕೊಳ್ಳುವ ಅಗತ್ಯವೇ ಇರುವುದಿಲ್ಲ. ಯಾವುದೂ ಇಷ್ಟವಾಗದಿದ್ದರೆ ಕಾಲೇಜಿನ ಹೆಸರು ಬರೆಯದೆ ಓಪನ್ ಅರ್ಜಿ ಹಾಕಬಹುದು. ಆಗ ಆ ಕೋರ್ಸಿಗೆ ಅರ್ಜಿ ಕಡಿಮೆ ಬಂದ ಕಾಲೇಜಿಗೆ ಕಂಪ್ಯೂಟರ್ ಹಾಕುತ್ತದೆ. ಅದರಲ್ಲಿ ನಷ್ಟವೂ ಇಲ್ಲ, ಲಾಭವೂ ಇಲ್ಲ.

ಮಾಸ್ಟರ್ಸ್, ಪಿಎಚ್‌ಡಿಗೆ ಹೋಗುವವರು

ನಿಮ್ಮನ್ನು ಆರಿಸುವುದು ವಿಭಾಗ. ಕಾಲೇಜು ಆಮೇಲೆ. ಅರ್ಜಿಯಲ್ಲಿ ಎರಡು ಕಾಲೇಜಿನ ಹೆಸರು ಕೊಡಬಹುದು. ಗೇಟ್ಸ್ ಕೇಂಬ್ರಿಡ್ಜ್‌ನಂಥ ದೊಡ್ಡ ಸ್ಕಾಲರ್‌ಶಿಪ್ ಕಾಲೇಜಿಗೆ ಅಂಟಿಕೊಂಡಿಲ್ಲ. ಆದರೆ ಕೆಲವು ಅಂಟಿಕೊಂಡಿವೆ. ಸೇಂಟ್ ಜಾನ್ಸ್‌ನಲ್ಲಿ ಅಲ್ಲೇ ಓದಿದ ಮನಮೋಹನ್ ಸಿಂಗ್ ಅವರ ಹೆಸರಿನಲ್ಲಿ ಭಾರತೀಯ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಸ್ಕಾಲರ್‌ಶಿಪ್ ಇದೆ. ಇಂಥದ್ದೇನಾದರೂ ಕಣ್ಣಿಗೆ ಬಿದ್ದರೆ ಅಡುಗೆಮನೆ, ದೂರ ಎಲ್ಲ ಮರೆತು ಆ ಕಾಲೇಜನ್ನೇ ಮೊದಲು ಬರೆಯಿರಿ.

ಹೆಂಡತಿ ಮಕ್ಕಳ ಜೊತೆ ಹೋಗುವವರು ಕುಟುಂಬಕ್ಕೆ ಮನೆ ಇದೆಯೇ ಅಂತ ಮೊದಲು ನೋಡಿ. ಕೆಲಸ ಬಿಟ್ಟು ಮೂವತ್ತರ ಮೇಲೆ ಓದಲು ಹೋಗುವವರಿಗೆ ಡಾರ್ವಿನ್, ಕ್ಲೇರ್ ಹಾಲ್, ವುಲ್ಫ್‌ಸನ್ ಹಿತ. ಅಲ್ಲಿ ಊಟಕ್ಕೆ ಮೇಷ್ಟ್ರುಗಳಿಗೇ ಅಂತ ಬೇರೆ ಎತ್ತರದ ಮೇಜಿಲ್ಲ, ಎಲ್ಲರೂ ಒಟ್ಟಿಗೆ ಕೂರುತ್ತಾರೆ. ಹದಿನೆಂಟರ ಹುಡುಗರ ಗಲಾಟೆಯೂ ಇಲ್ಲ.

ಆಕ್ಸ್‌ಫರ್ಡ್ ಬಗ್ಗೆ ಒಂದೇ ಒಂದು ಪ್ಯಾರಾ. ಒಂದೇ ವರ್ಷ ಎರಡಕ್ಕೂ ಪದವಿ ಅರ್ಜಿ ಹಾಕುವಂತಿಲ್ಲ. ಅಲ್ಲೂ ಇದೇ ಲೆಕ್ಕ ನಡೆಯುತ್ತದೆ. ಕಾಲೇಜಿಂದ ಕಾಲೇಜಿಗೆ ದಾಟಿಸುವುದು ಅಲ್ಲಿ ಇನ್ನೂ ಜಾಸ್ತಿ, ಸೀಟು ಸಿಕ್ಕವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ತಾವು ಬರೆಯದ ಕಾಲೇಜು ಸಿಗುತ್ತದೆ. ಧಾರವಾಡದಿಂದ ರೋಡ್ಸ್ ಸ್ಕಾಲರ್ ಆಗಿ ಹೋದ ಗಿರೀಶ ಕಾರ್ನಾಡರು ಅಲ್ಲಿನ ಮಾಡ್ಲಿನ್ ಕಾಲೇಜಿನಲ್ಲಿದ್ದರು. ಆದರೆ ಅವರು 1963ರಲ್ಲಿ ಅಧ್ಯಕ್ಷರಾದದ್ದು ಎಲ್ಲ ಕಾಲೇಜಿನವರೂ ಸೇರುವ ಆಕ್ಸ್‌ಫರ್ಡ್ ಯೂನಿಯನ್‌ಗೆ. ನಾಟಕ, ಚರ್ಚೆ, ಸಂಗೀತದ ದೊಡ್ಡ ಸಂಘಗಳೆಲ್ಲ ಕಾಲೇಜಿನ ಗೋಡೆಯ ಹೊರಗೇ ಇರುತ್ತವೆ.

ಅಕ್ಕನ ಮಗಳು ಕೊನೆಗೆ ಬರೆದದ್ದು ಫಿಟ್ಸ್‌ವಿಲಿಯಮ್. ರಜೆಯಲ್ಲಿ ಉಳಿಯುವ ಬಗ್ಗೆ ಅವರ ಉತ್ತರ ಅವಳಿಗೆ ಹಿಡಿಸಿತ್ತು. ಜನವರಿಯಲ್ಲಿ ಪೂಲಿನಿಂದ ಅವಳನ್ನು ಎತ್ತಿಕೊಂಡದ್ದು ಗರ್ಟನ್. ಈಗ ಅವಳಿಗೆ ಒಂದು ಸೆಕೆಂಡ್ ಹ್ಯಾಂಡ್ ಸೈಕಲ್ಲು, ಒಂದು ರೇನ್‌ಕೋಟು ಬೇಕಾಗಿದೆ. ಅಕ್ಕ ಕೇಳಿದ್ದು, "ಅಲ್ಲಿ ಒಲೆ ಇದೆಯೇನೋ?"

ನಿಮ್ಮದು ಈ ವರ್ಷವಾದರೆ, ಅರ್ಜಿಗೆ ಕೊನೆಯ ದಿನ ಅಕ್ಟೋಬರ್ 15, ಅಲ್ಲಿನ ಸಂಜೆ 6 ಗಂಟೆ. ನಮ್ಮ ಗಡಿಯಾರದಲ್ಲಿ ರಾತ್ರಿ ಹತ್ತೂವರೆ. ದಸರಾ ರಜೆ ಅದರ ಹಿಂದೆ ಮುಂದೆಯೇ ಬೀಳುತ್ತದೆ. ಶಿಫಾರಸು ಪತ್ರ ಬರೆಯಬೇಕಾದ ಮೇಷ್ಟ್ರು ಊರಿಗೆ ಹೋಗುವ ಮುಂಚೆ ಹಿಡಿದುಕೊಳ್ಳಿ.